ಗಟಾರದ ಬಾಯಿ ಹಳ್ಳಕ್ಕೆ ಬಿಟ್ಟ ವರ್ಷ

ಹೋದ ತಿಂಗಳು ಒಂದು ಮದುವೆಗೆಂದು ಆಳಂದಕ್ಕೆ ಹೋಗಿದ್ದೆ. ಚಿಕ್ಕಪ್ಪನ ಮೊಮ್ಮಗ ಮೋಟಾರ್ ಸೈಕಲ್ ತಗೊಂಡು ಬಸ್‌ಸ್ಟ್ಯಾಂಡಿಗೆ ಬಂದಿದ್ದ. ನಮ್ಮ ಹಳೆಯ ಓಣಿಯ ಪಕ್ಕದ ಸೇತುವೆ ಬಂದ ಕೂಡಲೇ ಹುಡುಗ ಒಂದು ಕೈಯಿಂದ ಮೂಗು ಮುಚ್ಚಿಕೊಂಡು ಗಾಡಿ ಜೋರು ಮಾಡಿದ. ನಿಲ್ಲಿಸು ಎಂದೆ. ಕೆಳಗೆ ಕಪ್ಪು ನೀರು, ಅದರ ಮೇಲೆ ತೇಲುವ ಪ್ಲಾಸ್ಟಿಕ್ ಚೀಲಗಳು, ಎರಡೂ ದಂಡೆಗೆ ಜಾಲಿಕಂಟಿ. ಕೊಳೆತ ವಾಸನೆ ಗಂಟಲಿಗೇ ಬಂದು ಕೂತಿತು.

“ಏನ್ ನೋಡಾಕತ್ತೀರಿ ಆಯಿ? ಗಟಾರ ಅದ,” ಎಂದ.

“ಇದು ಹಳ್ಳ.”

“ಇಲ್ರಿ ಆಯಿ, ಇದು ಮೊದಲಿಂದ್ಲೂ ಗಟಾರೇ. ಎಲ್ಲಾರೂ ಹಂಗೇ ಅಂತಾರ.”

ಆ ಮಾತಿಗೆ ನನ್ನ ಮೈ ಉರಿದುಹೋಯಿತು. ಹುಡುಗನದೇನೂ ತಪ್ಪಿಲ್ಲ, ಅವನು ಹುಟ್ಟುವ ಹೊತ್ತಿಗೆ ಅದು ಗಟಾರವೇ ಆಗಿತ್ತು. ಆದರೆ ಮೊದಲಿನಿಂದಲೂ ಅಲ್ಲ. ಅದನ್ನು ಗಟಾರ ಮಾಡಿದವರು ಯಾರು, ಯಾವ ವರ್ಷ ಮಾಡಿದರು, ಯಾರ ಮನೆಯ ಕಟ್ಟೆಯ ಮೇಲೆ ಕೂತು ನಿರ್ಧರಿಸಿದರು ಎಂಬುದೆಲ್ಲ ನನಗೆ ಗೊತ್ತು. ಆ ಕಟ್ಟೆ ನಮ್ಮ ಮನೆಯದು.

ಎಪ್ಪತ್ತರ ದಶಕದ ಕೊನೆಯ ಮಾತು. ನಮ್ಮದು ಊರ ಹೆಬ್ಬಾಗಿಲು ಅಗಸಿಯ ಹೊರಗಿನ ಓಣಿ. ಊರೊಳಗೆ ಜಾಗ ಸಾಲದೆ ಹೊರಗೆ ಬಂದವರು ಹಳ್ಳದ ದಂಡೆಗುಂಟ ಮನೆ ಕಟ್ಟಿಕೊಂಡಿದ್ದರು. ಮುಂದಿನ ಸಾಲು ನಮ್ಮಂಥ ಲಿಂಗಾಯತರದು, ಹಿಂದಿನ ಸಾಲು ಮುಸಲ್ಮಾನರದು, ನಡುವೆ ಒಂದು ಬೇವಿನ ಮರ. ಬಳೆ ತೊಡಿಸುವ ಚಾಂದಬಿಯ ಮನೆ ಆ ಮರದ ಬುಡದಲ್ಲೇ ಇತ್ತು. ಆಕೆಯ ಗಂಡ ಟಾಂಗಾ ಹೊಡೆಯುತ್ತಿದ್ದ. ಅಪ್ಪನದು ಬಜಾರದಲ್ಲಿ ತೊಗರಿ, ಜೋಳದ ಅಡತಿ ಅಂಗಡಿ. ಓಣಿಯಲ್ಲಿ ಅವನ ಮಾತೇ ಮಾತು. ನಾನು ಪಿಯುಸಿಯಲ್ಲಿ ಇಂಗ್ಲಿಷಿಗೆ ನಪಾಸಾಗಿ ಆ ವರ್ಷ ಮನೆಯಲ್ಲೇ ಬಿದ್ದಿದ್ದೆ.

ಹಳ್ಳ ಮಳೆಗಾಲದಲ್ಲಿ ದಂಡೆ ಮುಟ್ಟಿ ಹರಿಯುತ್ತಿತ್ತು, ಚಳಿಗಾಲದಲ್ಲಿ ಮೊಣಕಾಲಿಗೆ ಇಳಿಯುತ್ತಿತ್ತು, ಬೇಸಿಗೆ ಬರುವಷ್ಟರಲ್ಲಿ ಹರಿವು ನಿಂತು ಬರೀ ಬಿಳಿ ಉಸುಕು ಕಾಣುತ್ತಿತ್ತು. ಗಂಡಸರ ಪಾಲಿಗೆ ಅಲ್ಲಿಗೆ ಹಳ್ಳ ಮುಗಿಯಿತು. ಹೆಂಗಸರ ಹಳ್ಳ ಶುರುವಾಗುತ್ತಿದ್ದುದೇ ಆಗ. ಉಸುಕಿನಲ್ಲಿ ಮೊಣಕಾಲುದ್ದ ಗುಂಡಿ ತೋಡಿ, ಮೊದಲ ರಾಡಿ ನೀರು ಚೆಲ್ಲಿ ಸ್ವಲ್ಪ ಹೊತ್ತು ಕೂತರೆ ತಳದಿಂದ ತಿಳಿನೀರು ಜಿನುಗುತ್ತಿತ್ತು. ಅದಕ್ಕೆ ನಾವು ವರ್ತಿ ಎನ್ನುತ್ತಿದ್ದೆವು. ಚರಗಿಯಿಂದ ಮೊಗೆದು ಕೊಡ ತುಂಬಿಸುವುದು, ಹೋಗುವಾಗ ನಾಯಿ ಬಾಯಿ ಹಾಕದಂತೆ ಮುಳ್ಳಿನ ಕಂಟಿ ಮುಚ್ಚುವುದು. ಓಣಿಯ ಬಾವಿ ನೀರು ಸವಳು, ಅದರಲ್ಲಿ ತೊಗರಿಬೇಳೆ ಎಷ್ಟು ಕುದಿಸಿದರೂ ಬೇಯುತ್ತಿರಲಿಲ್ಲ. ವರ್ತಿ ನೀರಿಗೆ ಇಟ್ಟರೆ ಒಂದೇ ಕುದಿಗೆ ಕರಗುತ್ತಿತ್ತು.

ಅದನ್ನು ಯಾರೂ ಕಾಯಿಸುತ್ತಿರಲಿಲ್ಲ, ಸೋಸುತ್ತಿರಲಿಲ್ಲ. ಉಸುಕೇ ಸೋಸಿ ಕೊಟ್ಟ ನೀರನ್ನು ನಾವು ಮತ್ತೆ ಸೋಸುವುದೆಂದರೆ ಹೆಂಗಸರಿಗೆ ನಗು ಬರುತ್ತಿತ್ತು. ಇನ್ನೊಂದು ಪದ್ಧತಿಯಿತ್ತು. ವರ್ಷದ ಮೊದಲ ವರ್ತಿ ತೋಡಿದ ದಿನ ಮೊದಲ ಕೊಡ ತೋಡಿದವಳ ಮನೆಗೆ ಹೋಗುತ್ತಿರಲಿಲ್ಲ. ಓಣಿಯಲ್ಲಿ ಬಾಣಂತಿ ಇದ್ದ ಮನೆಗೆ ಹೋಗಬೇಕು. ಆ ನೀರಿನಲ್ಲಿ ಕೂಸಿಗೆ ಘುಟ್ಟಿ ತೇಯಬೇಕು. ಕೊಡ ಹೊರುವವಳೂ ಒಳ್ಳೆಯ ಕೈಗುಣದವಳಾಗಿರಬೇಕು. ನಮ್ಮ ಓಣಿಯಲ್ಲಿ ಅದು ಯಾವಾಗಲೂ ಚಾಂದಬಿ. ಮದುಮಗಳಿಗೆ ಮೊದಲ ಬಳೆ ಅವಳ ಕೈಯಿಂದಲೇ, ಬಸುರಿಯ ಕುಬಸಕ್ಕೂ ಅವಳೇ. ಅವಳ ಕೈ ಬಿದ್ದರೆ ಒಳ್ಳೆಯದಾಗುತ್ತದೆ ಎಂದು ಅಂದೋಲಾ, ಯಡ್ರಾಮಿ ಕಡೆಯ ಬೀಗರೂ ಹೇಳಿ ಕಳಿಸುತ್ತಿದ್ದರು. ಆ ಹೆಸರಿನ ಮೇಲೆಯೇ ಅವಳ ಮನೆಯ ಒಲೆ ಉರಿಯುತ್ತಿತ್ತು.

ಆ ವರ್ಷದ ಮಳೆಗಾಲದಲ್ಲಿ ಓಣಿ ಕೆಸರಿನ ಹೊಂಡವಾಯಿತು. ಮನೆಗಳು ಹೆಚ್ಚಾಗಿದ್ದವು, ಬಚ್ಚಲ ನೀರೆಲ್ಲ ದಾರಿಯ ಮೇಲೇ ನಿಲ್ಲುತ್ತಿತ್ತು. ಅದರ ಜೊತೆಗೆ ಅಪ್ಪ ಹಿತ್ತಲಲ್ಲಿ ಪಾಯಖಾನೆ ಕಟ್ಟಿಸಿದ. ಓಣಿಗೇ ಮೊದಲನೆಯದು. ಅಕ್ಕ ಶರಣಮ್ಮ ಜೇವರ್ಗಿಯಿಂದ ಚೊಚ್ಚಲ ಬಾಣಂತನಕ್ಕೆ ಬರುವವಳಿದ್ದಳು, ಮಗಳು ಬಯಲಿಗೆ ಹೋಗುವುದು ಬೇಡ ಎಂದು ಅವನ ಹಟ. ನಮ್ಮದನ್ನು ನೋಡಿ ಇನ್ನೂ ಕೆಲವರು ಕಟ್ಟಿಸಿದರು. ಆ ಹೊಲಸು ಎಲ್ಲಿಗಾದರೂ ಹೋಗಬೇಕಲ್ಲ? ಅಪ್ಪ ಕಟ್ಟೆಯ ಮೇಲೆ ಓಣಿಯ ಗಂಡಸರನ್ನೆಲ್ಲ ಕೂಡಿಸಿದ. ಯಾರ ಹಾದಿಯನ್ನೂ ಕಾಯುವುದು ಬೇಡ, ನಾವೇ ಗಟಾರ ತೋಡೋಣ ಎಂದ.

ಗಟಾರ ಬೇಡ ಎಂದು ಯಾರೂ ಅನ್ನಲಿಲ್ಲ, ಹೆಂಗಸರೂ ಅನ್ನಲಿಲ್ಲ. ಹಿಂದೂ ಮುಸಲ್ಮಾನರು ಕೂಡಿ ಸಲಿಕೆ ಹಿಡಿದು ತೋಡಿದರು. ಶಹಾಬಾದದ ಪರಸಿ ಕಲ್ಲು ತರಿಸಿ ತಳಕ್ಕೂ ಎರಡು ಬದಿಗೂ ಹಾಸಿದರು. ಚಾಂದಬಿಯ ಗಂಡ ತನ್ನ ಟಾಂಗಾದಲ್ಲಿ ಕಲ್ಲು ಹೇರಿದ. ನಾವು ಹುಡುಗಿಯರು ಚಹಾ ಹಂಚಿದೆವು. ಅದು ಸಂತೋಷದ ಕೆಲಸವೇ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ಅದರ ಬಾಯಿ ಎಲ್ಲಿ ಬಿಡುತ್ತಾರೆ ಎಂದು ಮೊದಲು ಕೇಳಿದವಳು ಅವ್ವ. ಊಟಕ್ಕೆ ಕೂತ ಅಪ್ಪನಿಗೆ ರೊಟ್ಟಿ ಹಾಕುತ್ತ ಕೇಳಿದಳು.

“ಏನ್ರೀ, ಗಟಾರದ ಬಾಯಿ ನಮ್ಮ ವರ್ತಿ ಜಾಗದ ಮ್ಯಾಲಕ್ಕೇ ಬಂದ್ಹಂಗ ಆಗಾಕತ್ತದಲ್ಲ. ಇನ್ನೊಂದೀಟು ಮುಂದ ಒಯ್ದು ಬಿಡಬಾರದೇನ್ರೀ, ಉಸುಕು ದಾಟಿಸಿ?”

“ಹಳ್ಳ ನೋಡೀದಿಲ್ಲೋ, ಎಷ್ಟು ಜೋರ ಹರಿಯಾಕತ್ತದ! ಆನಿ ಬಿದ್ರೂ ಭೀಮಾ ನದಿಗೆ ಮುಟ್ಟಸ್ತದ. ಎಲ್ಲಾ ತೊಳಕೊಂಡು ಹೋಗ್ತದ.”

“ಬ್ಯಾಸಗಿ ದಿನ?”

“ಬ್ಯಾಸಗ್ಯಾಗ ಹಳ್ಳಾನೇ ಇರಂಗಿಲ್ಲ, ನೀರ್ ಎಲ್ಲಿಂದ ಕೆಡ್ತದ?” ಎಂದು ಅಪ್ಪ ಜೋರಾಗಿ ನಕ್ಕ. ಮರುದಿನ ಕಟ್ಟೆಯ ಮೇಲೆ ಇದನ್ನೇ ಹೇಳಿ ಉಳಿದವರನ್ನೂ ನಗಿಸಿದ.

ಇಲ್ಲೇ ನೋಡಿ ನನಗೆ ಇವತ್ತಿಗೂ ತಡೆಯಲಾರದ ಸಿಟ್ಟು. ಹರಿಯುವ ಹಳ್ಳವನ್ನಷ್ಟೇ ಕಂಡವರು ಗಟಾರದ ಬಾಯಿ ಎಲ್ಲಿರಬೇಕು ಎಂದು ನಿರ್ಧರಿಸಿದರು. ಒಣಗಿದ ಹಳ್ಳದಿಂದ ಕೊಡ ಹೊತ್ತು ಇವರ ಬಾಯಿಗೆ ನೀರು ಹಾಕಿದವರನ್ನು ಒಂದು ಮಾತು ಕೇಳಲಿಲ್ಲ. ಇನ್ನಷ್ಟು ಪರಸಿ, ಇನ್ನಷ್ಟು ದಿನದ ದುಡಿತ, ಅಷ್ಟೇ ಬೇಕಾಗಿದ್ದುದು. ದೀಪಾವಳಿಯೊಳಗೆ ಮುಗಿಸಬೇಕು ಎಂಬ ಅವಸರ. ಗಟಾರದ ಬಾಯಿಗೆ ಅರಿಷಿಣ ಕುಂಕುಮ ಹಚ್ಚಿ ಅಪ್ಪನೇ ಕಾಯಿ ಒಡೆದ, ಓಣಿಯವರು ಅವನಿಗೆ ಹಾರ ಹಾಕಿದರು.

ದೀಪಾವಳಿ ಮುಗಿಸಿ ಅಕ್ಕ ಬಂದಳು. ಕುಬಸದ ದಿನ ಚಾಂದಬಿ ಹಸಿರು ಬಳೆಯ ಮಲಾರ ಹೊತ್ತು ಬಂದು, ಅಕ್ಕನ ಅಂಗೈ ಹಿಸುಕಿ ಹಿಸುಕಿ ಮೆತ್ತಗೆ ಮಾಡಿ, ಒಂದೂ ಒಡೆಯದಂತೆ ಎರಡೂ ಕೈ ತುಂಬ ತೊಡಿಸಿದಳು. “ಒಂದೂ ಒಡದಿಲ್ಲ ಬೇಟಿ, ಕೂಸು ಸುಖದಾಗ ಬರ್ತದ,” ಎಂದಳು. ಹಾಗೆಯೇ ಆಯಿತು. ಶಿವರಾತ್ರಿಯ ಹಿಂದೆ ಮುಂದೆ ಅಕ್ಕನಿಗೆ ಹೆಣ್ಣುಕೂಸು ಹುಟ್ಟಿತು. ತಲೆ ತುಂಬ ಕೂದಲು. ಅಪ್ಪ ಅಂಗಡಿಯಲ್ಲಿ ಬಂದವರಿಗೆಲ್ಲ ಬೆಲ್ಲ ಹಂಚಿದ.

ಮಳೆ ಚೆನ್ನಾಗಿದ್ದುದರಿಂದ ಆ ಸಲ ಹಳ್ಳ ಶಿವರಾತ್ರಿಯವರೆಗೂ ಸಣ್ಣಗೆ ಹರಿದು ನಿಂತಿತು. ಹೆಂಗಸರು ಯಾವತ್ತಿನ ಜಾಗದಲ್ಲೇ ವರ್ತಿ ತೋಡಿದರು. ನಾನೂ ಹೋಗಿದ್ದೆ. ಗಟಾರದ ಬಾಯಿ ಅಲ್ಲಿಂದ ಕೂಗಳತೆಯಷ್ಟು ದೂರವೂ ಇರಲಿಲ್ಲ. ಆದರೆ ಅದರ ನೀರು ಬಾಯಿಯ ಬುಡದಲ್ಲೇ ಉಸುಕಿನೊಳಗೆ ಇಳಿದು ಮಾಯವಾಗುತ್ತಿತ್ತು, ನಮ್ಮ ಕಡೆ ಮೇಲೆ ಕಾಣುವುದೆಲ್ಲ ಬಿಳಿ ಉಸುಕೇ. ವರ್ತಿಯ ನೀರೂ ಎಂದಿನಷ್ಟೇ ತಿಳಿಯಾಗಿತ್ತು. ಚಾಂದಬಿ ತಲೆಯ ಮೇಲೆ ಸೆರಗು ಎಳೆದುಕೊಂಡು ಮೊದಲ ಕೊಡ ಹೊತ್ತು ನಮ್ಮ ಮನೆಗೆ ತಂದಳು. ಅವ್ವ ಅವಳ ಕಾಲಿಗೆ ನೀರು ಹಾಕಿ ಒಳಗೆ ಕರೆದಳು. ಘುಟ್ಟಿಯ ಬೇರುಗಳನ್ನು ಕಲ್ಲಿನ ಮೇಲೆ ತೇಯ್ದು, ಆ ನೀರಿನಲ್ಲಿ ಕಲಸಿ, ಕೂಸಿನ ನಾಲಿಗೆಗೆ ಹಚ್ಚಿದಳು. ನಾಲ್ಕಾರು ದಿನ ಹೀಗೆಯೇ ನಡೆಯಿತು.

ಆಮೇಲೆ ಕೂಸಿಗೆ ಭೇದಿ ಹತ್ತಿತು. ಬೆಳಿಗ್ಗೆ ಅಳುತ್ತಿದ್ದ ಕೂಸು ಮಧ್ಯಾಹ್ನಕ್ಕೆ ಅಳುವುದನ್ನೂ ಬಿಟ್ಟಿತು. ಅಕ್ಕನಿಗೂ ಜ್ವರ, ಏಳುವ ಸ್ಥಿತಿಯಲ್ಲಿರಲಿಲ್ಲ. ಚಾಂದಬಿಯ ಗಂಡ ಟಾಂಗಾ ಕಟ್ಟಿದ. ಅವ್ವ ಅಪ್ಪ ಕೂಸನ್ನು ಎತ್ತಿಕೊಂಡು ಬಸ್ಸು ಹಿಡಿದು ಗುಲ್ಬರ್ಗಾದ ಒಬ್ಬ ಡಾಕ್ಟರ ಹತ್ತಿರ ಹೋದರು. ಚಾಂದಬಿ ನಮ್ಮ ಮನೆ ಬಿಟ್ಟು ಅಲುಗಲಿಲ್ಲ. ಅಕ್ಕನ ತಲೆ ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದಳು. ಮರುದಿನ ಅವ್ವ ಮಡಿಲಿನಲ್ಲಿ ಕೂಸನ್ನು ಸೆರಗು ಮುಚ್ಚಿ ತಂದಳು. ಸೆರಗು ಮುಖದ ಮೇಲೂ ಇತ್ತು.

ಮಣ್ಣು ಮಾಡಿದ ಮೇಲೆ ಮಾತಾಡಿಸಲು ಜನ ಬಂದರು. ಓಣಿಯ ಇನ್ನೂ ಒಂದೆರಡು ಮನೆಯ ಮಕ್ಕಳಿಗೆ ಹೊಟ್ಟೆ ಕೆಟ್ಟಿತ್ತು, ಬಿಸಿಲಿಗೆ ಹಾಗಾಗುತ್ತದೆ ಎಂದು ಮಾತು ಮುಗಿಸಿದರು. ಅಪ್ಪ ಕಟ್ಟೆಯ ಮೇಲೆ ಕೂತಿದ್ದ. ಯಾರೋ ಒಬ್ಬರು ಕೇಳಿದರು, “ಸಾವ್ಕಾರ್ರ, ಮೊದಲ ಕೊಡ ಯಾರ ಕೈಯಾಗ ಬಂದಿತ್ರಿ?”

ಅಪ್ಪ ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡ. ಆಮೇಲೆ, “ಚಾಂದಬಿ ತಂದಿದ್ಳು. ಆಕಿ ಕೈಗುಣ ಈಗ ಮೊದಲಿನಂಗ ಉಳದಿಲ್ಲ,” ಎಂದ.

ಅಷ್ಟೇ. ನಾನು ಬಾಗಿಲ ಒಳಗೆ ನಿಂತು ಕೇಳಿಸಿಕೊಂಡೆ. ಸಂಜೆಯ ಹೊತ್ತಿಗೆ ಓಣಿಯ ತುಂಬ ಅದೇ ಮಾತು. ಗಟಾರದ ಹೆಸರು ಒಬ್ಬರ ಬಾಯಿಂದಲೂ ಬರಲಿಲ್ಲ. ಹೇಗೆ ಬಂದೀತು? ಪ್ರತಿ ಮನೆಯ ಗಂಡಸೂ ಅದಕ್ಕೆ ಸಲಿಕೆ ಹಾಕಿದ್ದ, ಪ್ರತಿ ಮನೆಯ ಬಚ್ಚಲೂ ಅದಕ್ಕೆ ಕೂಡಿತ್ತು. ಚಾಂದಬಿಯನ್ನು ಅನ್ನುವುದು ಸಲೀಸಾಗಿತ್ತು. ಅವಳ ಸಾಲಿನವರೂ, ಅವಳ ಜಾತಿಯವರೂ ಬಾಯಿ ತೆರೆಯಲಿಲ್ಲ, ಗಟಾರ ಅವರದೂ ಅಲ್ಲವೇ.

ಯುಗಾದಿ ಹತ್ತಿರ ಬಂತು. ಹಬ್ಬಕ್ಕೆ ಎಲ್ಲರೂ ಹೊಸ ಬಳೆ ತೊಡುತ್ತಿದ್ದರು, ಚಾಂದಬಿಗೆ ನೀರು ಕುಡಿಯಲೂ ಪುರಸೊತ್ತು ಇರುತ್ತಿರಲಿಲ್ಲ. ಆ ಸಲ ಮಲಾರ ಹೊತ್ತು ಇಡೀ ಓಣಿ ತಿರುಗಿದರೂ ಒಂದು ಬಾಗಿಲು ತೆರೆಯಲಿಲ್ಲ. ಚಿಕ್ಕ ಮಕ್ಕಳು ಓಡಿ ಬಂದರೆ ತಾಯಂದಿರು ರೆಟ್ಟೆ ಹಿಡಿದು ಒಳಗೆಳೆದರು. ಅವಳು ನಮ್ಮ ಬಾಗಿಲಿಗೂ ಬಂದಳು. ಮಲಾರ ಇಳಿಸದೆ ನಿಂತೇ ಕೇಳಿದಳು.

“ಯವ್ವಾ, ನನ್ನ ಕೈ ಏನ್ ಮಾಡ್ಯಾದ್ರೀ? ಎಲ್ಲಾರ ಮನಿ ತೊಟ್ಟಿಲಾ ಇದೇ ಕೈ ತೂಗ್ಯಾದ. ನೀವರೆ ಒಂದ್ ಮಾತ್ ಹೇಳ್ರಿ.”

ಅವ್ವ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಅವಳಿಗೆ ಗೊತ್ತಿರಲಿಲ್ಲವೇ? ರೊಟ್ಟಿ ಹಾಕುತ್ತ ಗಟಾರದ ಬಾಯಿಯ ಮಾತು ಕೇಳಿದವಳು ಅವಳೇ ಅಲ್ಲವೇ? ಗಂಡನ ಮಾತು ಸುಳ್ಳಾಗಬಾರದೆಂದು ಹೊಗೆಯಲ್ಲಿ ಮುಖ ಮರೆಸಿಕೊಂಡು ಕೂತಳು. ನನ್ನ ಅವ್ವನ ಮೇಲೂ ನನಗೆ ಸಿಟ್ಟಿದೆ, ಅದನ್ನು ಮುಚ್ಚಿಡುವುದಿಲ್ಲ.

ಚಾಂದಬಿಯ ಮಾತು ಕೋಣೆಯಲ್ಲಿ ಮಲಗಿದ್ದ ಅಕ್ಕನ ಕಿವಿಗೆ ಬಿತ್ತು. ಅಕ್ಕ ಎದ್ದಳು. ತಲೆಗೆ ಬಟ್ಟೆ ಕಟ್ಟಿಕೊಂಡು, “ನಡಿ, ಹಳ್ಳಕ್ಕ ಹೋಗೂಣು,” ಎಂದು ನನ್ನ ಕೈ ಹಿಡಿದಳು. ಇನ್ನೂ ಬಾಣಂತಿ, ಹೊರಗಿನ ಗಾಳಿ ತಾಗಬಾರದು. ಅವ್ವ ಬೇಡ ಬೇಡ ಎಂದು ಹಿಂದೆ ಬಂದರೂ ನಿಲ್ಲಲಿಲ್ಲ. ಹಿತ್ತಲಿನಿಂದ ಗಟಾರದ ಗುಂಟ ನಡೆದೆವು. ಅದರ ಬಾಯಿಗೂ ನಮ್ಮ ವರ್ತಿಗೂ ನಡುವೆ ಅಕ್ಕ ಕುಕ್ಕರಗಾಲಲ್ಲಿ ಕೂತು ಕೈಯಿಂದಲೇ ಉಸುಕು ಬಗೆದಳು. ಮೇಲೆ ಬೆಳ್ಳಗಿತ್ತು. ಗೇಣು ಕೆಳಗೆ ಹೋಗುತ್ತಲೂ ಕಪ್ಪಾಯಿತು. ಒಂದು ಹಿಡಿ ಎತ್ತಿ ಮೂಸಿದಳು. ನನ್ನ ಮೂಗಿಗೂ ಹಿಡಿದಳು. ನಮ್ಮ ಹಿತ್ತಲಿನ ಪಾಯಖಾನೆಯ ವಾಸನೆ ಅದು.

ಅಕ್ಕ ಅಳಲಿಲ್ಲ. ಎದ್ದವಳೇ ಸೀದಾ ಬೇವಿನ ಮರದ ಹತ್ತಿರ ಬಂದು ಚಾಂದಬಿಯ ಕಟ್ಟೆಯ ಮೇಲೆ ಕೂತು ಎರಡೂ ಕೈ ಚಾಚಿದಳು.

“ಬಳಿ ತೊಡಸು ಖಾಲಾ.”

“ಬ್ಯಾಡ ಬೇಟಿ. ನಿಮ್ಮಪ್ಪ ನೋಡಿದ್ರ ನನ್ನ ಮನಿ ಸುಡ್ತಾನ.”

“ನೋಡ್ಲಿ. ಅವ ನೋಡ್ಲಿ ಅಂತೇ ಕುಂತೇನಿ.”

ಹಬ್ಬದ ಹಿಂದಿನ ದಿನ, ಹಗಲು ಹೊತ್ತು, ಕೂಸು ಕಳೆದುಕೊಂಡವಳು ನಡು ಓಣಿಯಲ್ಲಿ ಕೂತು ಬಳೆ ತೊಡುತ್ತಿದ್ದಾಳೆ. ಎರಡೂ ಸಾಲಿನ ಬಾಗಿಲುಗಳು ತೆರೆದವು. ಚಾಂದಬಿ ತೊಡಿಸುವಾಗ ಒಂದೆರಡು ಬಳೆ ಒಡೆದವು. ಯಾರೋ ಹೇಳಿ ಕಳಿಸಿರಬೇಕು, ಅಪ್ಪ ಅಂಗಡಿಯಿಂದ ಬಂದ.

“ಏಳ ಮ್ಯಾಲ. ಮನಿತನದ ಮಾನ ಕಳೀಬ್ಯಾಡ.”

“ಅಪ್ಪಾ, ಗಟಾರ ಉಸುಕಿನಾಗ ಇಳದು ವರ್ತಿಗೆ ಬರಾಕತ್ತದ. ನಾ ಕೈಲೆ ಬಗದು ನೋಡೇನಿ. ಈಕಿ ಕೈ ಏನೂ ಮಾಡಿಲ್ಲ. ಕಟ್ಟಿ ಮ್ಯಾಲ ಕುಂತು ಆ ಮಾತ್ ಅಂದಿ, ಅದೇ ಕಟ್ಟಿ ಮ್ಯಾಲ ಕುಂತು ಈ ಮಾತೂ ಅನ್ನು.”

“ನೀರು ಕಣ್ಣೀರಿನಂಗ ತಿಳಿ ಅದ. ಇಡೀ ಓಣಿ ಕುಡಿಯಾಕತ್ತದ. ನಿನ್ನ ತಲಿ ನೆಟ್ಟಗಿಲ್ಲ ಈಗ.”

ಸುತ್ತ ನಿಂತವರನ್ನು ಒಂದು ಸಲ ನೋಡಿ ಅಪ್ಪ ತಿರುಗಿ ಹೋದ. ಒಬ್ಬರೂ ಅಕ್ಕನ ಪರವಾಗಿ ಮಾತಾಡಲಿಲ್ಲ. ಆದರೆ ನಾಲ್ಕು ದಿನದಲ್ಲಿ ಹೆಂಗಸರೆಲ್ಲ ತಮ್ಮ ವರ್ತಿಗಳನ್ನು ಗಟಾರದ ಬಾಯಿಗಿಂತ ಮೇಲಕ್ಕೆ, ದೂರಕ್ಕೆ ಬದಲಾಯಿಸಿದರು. ಬಾಯಿ ಬಿಡದೆ, ಸದ್ದಿಲ್ಲದೆ. ಅಂದರೆ ಅಕ್ಕನ ಮಾತು ಅವರಿಗೆ ಅರ್ಥವಾಗಿತ್ತು! ನೀರು ಕೆಟ್ಟಿದೆ ಎಂದು ತಿಳಿದ ಮೇಲೂ ಚಾಂದಬಿಗೆ ಬಾಗಿಲು ಮುಚ್ಚಿಕೊಂಡೇ ಇದ್ದರು. ಕೈಗುಣದ ಮಾತು ಒಮ್ಮೆ ಹುಟ್ಟಿದ ಮೇಲೆ ತಮ್ಮ ಬಸುರಿ ಮಗಳಿಗೆ, ಸೊಸೆಗೆ ಯಾಕೆ ಪರೀಕ್ಷೆ ಎಂದು ಒಬ್ಬಳು ನನ್ನೆದುರಿಗೇ ಅಂದಳು.

ಮಳೆ ಬೀಳುವ ಮುಂಚೆ ಚಾಂದಬಿ, ಅವಳ ಗಂಡ ಮನೆ ಬಿಟ್ಟು ಅಫಜಲಪುರಕ್ಕೆ ಹೋದರು. ಓಣಿಗೆ ಪರಸಿ ಹೇರಿದ ಟಾಂಗಾದಲ್ಲೇ ಅವರ ಪಾತ್ರೆ ಪಡಗ, ಕೌದಿ, ಮಲಾರ ಎಲ್ಲ ಹೇರಿಕೊಂಡು ಹೋದರು. ಅಕ್ಕನನ್ನು ಅಷ್ಟರಲ್ಲಿ ಜೇವರ್ಗಿಗೆ ಕರೆದೊಯ್ದಿದ್ದರು. ನಮ್ಮ ಗಟಾರ ನೋಡಿ ಮೇಲಿನ ಓಣಿಯವರೂ ತಮ್ಮದನ್ನು ತಂದು ಹಳ್ಳಕ್ಕೆ ಬಿಟ್ಟರು. ಅವರ ಮೇಲಿನವರೂ ಬಿಟ್ಟರು. ಕೆಲವು ವರ್ಷಗಳಲ್ಲಿ ವರ್ತಿ ತೋಡಲು ಜಾಗವೇ ಉಳಿಯಲಿಲ್ಲ. ಅಪ್ಪನಿಗೆ ಮಾತ್ರ ಓಣಿ ಸುಧಾರಿಸಿದವನು ಎಂಬ ಹೆಸರು ಬಂತು.

ಮುಂದಿನ ವರ್ಷ ಅಕ್ಕ ಮತ್ತೆ ಬಸುರಿಯಾದಳು. ಅಪ್ಪ ನನ್ನನ್ನೂ ಜೊತೆಗೆ ಕರೆದುಕೊಂಡು, ಹಸಿರು ಸೀರೆ ಕುಬಸ ತಗೊಂಡು, ಅವಳನ್ನು ತವರಿಗೆ ಕರೆತರಲು ಜೇವರ್ಗಿಗೆ ಹೊರಟ. ಬೀಗರು ಕಾಲಿಗೆ ನೀರು ಕೊಟ್ಟು, ಚಹಾ ಕೊಟ್ಟು, ತಂದೆ ಮಕ್ಕಳು ಮಾತಾಡಲಿ ಎಂದು ಒಳಗೆ ಹೋದರು. ಅಕ್ಕ ಗೋಡೆಗೆ ಒರಗಿ ಕೂತಿದ್ದಳು. ಬರುವುದಿಲ್ಲ ಎಂದಳು. ಅಪ್ಪ ಬಹಳ ಹೊತ್ತು ಓಲೈಸಿದ. ಅವಳಿಗೆ ಆ ನೀರಿನ ಹೆದರಿಕೆ ಎಂದುಕೊಂಡ. ದನಿ ಇಳಿಸಿ, ಮಮತೆಯಿಂದಲೇ ಹೇಳಿದ.

“ಯವ್ವಾ, ನೀರಿನ ಕಾಳಜಿ ಮಾಡಬ್ಯಾಡ. ನಿನಗ ಊರಾಚಿ ತ್ವಾಟದ ಬಾವಿ ಸಿಹಿ ನೀರ್ ತರಸ್ತೇನಿ. ಅಂಗಡ್ಯಾಗ ನಾ ಅದನ್ನೇ ಕುಡಿಯಾಕತ್ತೇನಿ. ಅವತ್ತಿನಿಂದ ಆ ಹಳ್ಳದ ನೀರು ಅಂಗಡ್ಯಾಗ ಒಂದ್ ಗುಟುಕು ಮುಟ್ಟಿಲ್ಲ.”

“ಯಾವತ್ತಿನಿಂದ ಅಪ್ಪಾ?”

“ಕೂಸಿನ್ನ ಗುಲ್ಬರ್ಗಾಕ್ಕ ಒಯ್ದಿದ್ವೆಲ್ಲ, ಅವತ್ತಿನಿಂದ. ಡಾಕ್ಟರ್ ನನ್ನ ಹೊರಗ ಕರದು ಹೇಳಿದ್ರು. ಹೊಲಸು ನೀರಿಂದೇ ಆಗ್ಯಾದ ಅಂತ.”

ನಾನು ಚಹಾದ ಬಟ್ಟಲು ಕೆಳಗಿಟ್ಟೆ. ಅಪ್ಪನಿಗೆ ತಾನು ಏನು ಹೇಳಿದೆ ಎಂಬುದು ಇನ್ನೂ ಹೊಳೆದಿರಲಿಲ್ಲ. ಚೀಲದಿಂದ ಸೀರೆ ಹೊರಗೆ ತೆಗೆಯುತ್ತಿದ್ದ.

“ಅಂದ್ರ, ಕೂಸಿನ್ನ ಮಣ್ಣು ಮಾಡಿ ಬಂದು ಕಟ್ಟಿ ಮ್ಯಾಲ ಕುಂತು ಚಾಂದಬಿ ಹೆಸರು ಹೇಳಿದ್ಯಲ್ಲ, ಆಗ ನಿನಗ ಗೊತ್ತಿತ್ತು,” ಎಂದಳು ಅಕ್ಕ.

ಅಪ್ಪ ಸೀರೆಯ ಮಡಿಕೆ ಸರಿಮಾಡತೊಡಗಿದ. ಅಕ್ಕ ಅವನ ಕೈಯಿಂದ ಸೀರೆ ತಗೊಂಡು ಮಡಚಿ ಚೀಲದೊಳಗೆ ಇಟ್ಟು, ಚೀಲವನ್ನು ಅವನ ಮುಂದೆ ಸರಿಸಿದಳು. ಅವನು ಎದ್ದು ಚಪ್ಪಲಿ ಮೆಟ್ಟಿ, ಬಸ್ಸಿಗೆ ಹೊತ್ತಾಯಿತು ಎಂದು ನನ್ನ ಕಡೆ ನೋಡಿದ. ನಾನು ಏಳಲಿಲ್ಲ. ಆಳಂದದ ಬಸ್ಸಿಗೆ ಅಪ್ಪ ಒಬ್ಬನೇ ಹೋದ.